ಮನೆಗೊಂದು ದನಿ

ಮಧ್ಯಾಹ್ನವೇ ಶಿಕ್ಷಕಿಯ ಕೆಲಸದ ಸಂದರ್ಶನಕ್ಕೆ ಬಂದು ಒಂದು ಪಾಠ ಮಾಡಿ ತೋರಿಸಬೇಕೆಂದು ಶಾಲೆಯಿಂದ ಇಂದುಮತಿಗೆ ಸಂದೇಶ ಬಂದಾಗ, ಮನೆಯ ದನಿಮಣಿ ಅವ್ವನ ಕೊರಳಲ್ಲಿತ್ತು. ಆ ಊರಿನಲ್ಲಿ ಮನೆಗೊಂದೇ ಮಣಿ, ಕಟ್ಟಿಕೊಂಡವರಿಗಷ್ಟೇ ಮಾತು. ಗಂಗವ್ವ ಅದನ್ನು ಕಟ್ಟಿಕೊಂಡು ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದಳು.

ಇಂದುಮತಿ ಕನ್ನಡಿಯ ಮುಂದೆ ಮಳೆಯ ಪಾಠವನ್ನು ಬರೀ ತುಟಿಯಲ್ಲೇ ಒಪ್ಪಿಸಿದಳು. ಎಲ್ಲಿ ತಡವರಿಸುತ್ತಿದ್ದೇನೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಕೊನೆಗೆ ತಡೆಯಲಾರದೆ ಪಾಠಕ್ಕೆ ಬರೆದಿಟ್ಟ ಮೋಡದ ಚಿತ್ರಪಟ ಹಿಡಿದು ಸಂತೆಗೆ ಓಡಿದಳು.

ಪಟ ಕಂಡದ್ದೇ ಗಂಗವ್ವ, "ಇವತ್ತೇನ? ಮೊದ್ಲ ಹೇಳಬಾರದೇನ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಮಣಿ ಬಿಚ್ಚಿ ಮಗಳಿಗೆ ಕಟ್ಟಿ, ಸೊಪ್ಪನ್ನು ಅಲ್ಲೇ ಬಿಟ್ಟು ಜೊತೆಗೆ ನಡೆದಳು.

ಶಾಲೆಯಲ್ಲಿ ಇಂದುಮತಿ ಬಾಯಿ ತೆರೆದರೆ, ಬೆಳಗಿನಿಂದ ಅವ್ವ ಸಂತೆಯಲ್ಲಿ ಕೂಗಿ ಕೂಗಿ ಒಡೆದ ದನಿ ಹೊರಬಂತು. ಸಂದರ್ಶಕರು ಮುಖ ಮುಖ ನೋಡಿಕೊಂಡರು. ಅವಳು ನಿಲ್ಲಿಸದೆ ಪಾಠ ಮುಗಿಸಿದಳು.

"ಗಂಟಲಿಗೆ ಬಿಸಿನೀರು ಕುಡೀರಿ. ನಾಳೆಯಿಂದ ಬರ್ರಿ," ಎಂದು ಹೆಡ್‌ಮೇಡಂ ಶಾಲೆಯ ಹೊಸ ಮಣಿಯೊಂದನ್ನು ಅವಳ ಕೈಗಿಟ್ಟರು.

ಗೇಟಿನ ಬಳಿ ಕಾಯುತ್ತಿದ್ದ ಅವ್ವನಿಗೆ ಇಂದುಮತಿ ಹಳೆಯ ಮಣಿಯನ್ನು ಕಟ್ಟಿದಳು; ತಾನು ಹೊಸದನ್ನು ಕಟ್ಟಿಕೊಂಡಳು.

"ಏನಂದ್ರು?"

"ಕೆಲಸ ಸಿಕ್ತಬೇ."

ಅವ್ವ ಕೇಳಿದ್ದಕ್ಕೆ ಮಗಳು ಮಾತಿನಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು. ಮುಂದೇನು ಮಾತಾಡಬೇಕೆಂದು ತೋಚದೆ ಇಬ್ಬರೂ ಬೀದಿಯಲ್ಲೇ ನಿಂತುಬಿಟ್ಟರು.