ನಾಳೆಯ ದಂಡ

ಊರಿನ ರಸ್ತೆ ಕ್ಯಾಮೆರಾಗಳು ಈಗ ದಂಡವನ್ನು ನಿಯಮ ಮುರಿಯುವ ಒಂದು ದಿನ ಮೊದಲೇ ಕಳಿಸುತ್ತವೆ. ಅವು ಇದುವರೆಗೆ ತಪ್ಪು ಹೇಳಿಲ್ಲವಾದ್ದರಿಂದ ಯಾರೂ ತಕರಾರು ಮಾಡುವುದಿಲ್ಲ.

ಆಟೊ ಓಡಿಸುವ ರೇಣವ್ವನ ಮೊಬೈಲಿಗೆ ಸಂಜೆ ನಾಳಿನ ಫೋಟೊ ಬಂತು. ಆಸ್ಪತ್ರೆ ರಸ್ತೆಯಲ್ಲಿ ಅವಳು ವೇಗದ ಮಿತಿ ಮೀರಿ ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಗಂಡ ಫಕೀರೇಶನ ತೊಡೆಯ ಮೇಲೆ ಮಗಳು ಸಿಂಚನಾ ಕಣ್ಣು ಮುಚ್ಚಿ ಮಲಗಿದ್ದಳು.

ಸಿಂಚನಾ ಆಗ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಕೂಡಲೇ ಕರೆದೊಯ್ದು ತೋರಿಸಿದರೆ, ಏನೂ ತೊಂದರೆಯಿಲ್ಲ ಎಂದರು ಡಾಕ್ಟರು.

"ನಾಳೆ ಗಾಡೀನ ತೆಗ್ಯೂದಿಲ್ಲ" ಎಂದು ರೇಣವ್ವ ಆಟೊವನ್ನು ಗ್ಯಾರೇಜಿನಲ್ಲಿ ಬಿಟ್ಟು, ಕೀಲಿಯನ್ನೂ ಅಲ್ಲೇ ಕೊಟ್ಟು ಬಂದಳು. ಮನೆ ಮುಟ್ಟುವಷ್ಟರಲ್ಲಿ ಸಂದೇಶ ಬಂತು: ನಾಳಿನ ದಂಡ ರದ್ದಾಗಿದೆ.

"ಪಾರಾದ್ವಿ ನೋಡು" ಎಂದ ಫಕೀರೇಶ.

"ಆಕಿಗೆ ಏನೂ ಆಗೂದಿಲ್ಲ ಅಂತ ರದ್ದಾತೋ, ಒಯ್ಯಾಕ ಗಾಡಿ ಇಲ್ಲಂತ ರದ್ದಾತೋ?"

ಹಾಗೆಂದವಳೇ ರೇಣವ್ವ ಗ್ಯಾರೇಜಿಗೆ ಓಡಿ ಕೀಲಿ ಈಸಿಕೊಂಡಳು. ಆಟೊ ಚಾಲೂ ಮಾಡುತ್ತಿದ್ದಂತೆ ದಂಡ ಮತ್ತೆ ಬಂತು. ಫೋಟೊದಲ್ಲಿ ಮಗಳ ಕಣ್ಣು ಮುಚ್ಚಿಯೇ ಇತ್ತು. ಆದರೆ ಗಾಡಿ ಆಸ್ಪತ್ರೆಯ ಕಡೆಗೆ ಓಡುತ್ತಿತ್ತು.

ರೇಣವ್ವ ನಿಂತಲ್ಲೇ ದಂಡ ಕಟ್ಟಿ, ಟ್ಯಾಂಕು ತುಂಬಿಸಿಕೊಂಡು ಮನೆಗೆ ಹೋದಳು.