ಅಪಾರ ಬಂಧು-ಬಳಗದ ಅಡ್ರೆಸ್

ಮಂತ್ರಿ ತೀರಿಕೊಂಡರೆ ಪೇಪರಿನಲ್ಲಿ ಅರ್ಧ ಪುಟ... ನಮ್ಮ ನಿಮ್ಮಂಥವರು ತೀರಿಕೊಂಡರೆ ನಾಲ್ಕು ಸಾಲು!

ಆ ನಾಲ್ಕು ಸಾಲು ಬರೆಯುವುದೇ ಗುರುಪಾದಪ್ಪನವರ ಕೆಲಸ. ಗದಗಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷಗಳಿಂದ 'ನಿಧನ ವಾರ್ತೆ' ಬರೆಯುತ್ತಿದ್ದವರು ಅವರೇ.

ಹೆಸರು, ವಯಸ್ಸು, ಮಣ್ಣು ಮಾಡುವ ಸಮಯ... ಇಷ್ಟು ಕೇಳುತ್ತಿದ್ದರು. ಉಳಿದದ್ದನ್ನು ಬೆರಳುಗಳೇ ಟೈಪ್ ಮಾಡುತ್ತಿದ್ದವು. "ಮೃತರು ಅಪಾರ ಬಂಧು-ಬಳಗವನ್ನು ಅಗಲಿದ್ದಾರೆ."

ಇದುವರೆಗೆ ಯಾರೂ ತಕರಾರು ಮಾಡಿರಲಿಲ್ಲ. ಸತ್ತವರಂತೂ ಮಾಡುವುದಿಲ್ಲ ಬಿಡಿ!

ಸಂಜೆ ಮನೆಗೆ ಹೋದರೆ ಅಲ್ಲಿ ಅವರೊಬ್ಬರೇ. ಟಿವಿ ಹಚ್ಚಿಟ್ಟು ಊಟಕ್ಕೆ ಕೂರುತ್ತಿದ್ದರು... ನೋಡುವುದಕ್ಕಲ್ಲ, ಮನೆಯಲ್ಲಿ ಒಂದು ದನಿ ಇರಲಿ ಅಂತ.

ಒಂದು ಮಧ್ಯಾಹ್ನ ದ್ಯಾಮವ್ವ ಎಂಬ ಹೆಂಗಸು ಆಫೀಸಿಗೆ ಬಂದರು. ಅರವತ್ತು ದಾಟಿದವರು, ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವವರು. ಪಕ್ಕದ ಮನೆಯ ಫಕೀರಪ್ಪ ಆ ದಿನ ಬೆಳಿಗ್ಗೆ ತೀರಿಕೊಂಡಿದ್ದರು.

ಗುರುಪಾದಪ್ಪ ಎಂದಿನ ಮೂರು ಪ್ರಶ್ನೆ ಕೇಳಿದರು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು.

"ಇಷ್ಟ ಸಾಕೇನ್ರಿ?" ಎಂದು ದ್ಯಾಮವ್ವ ಕೇಳಿದರು.

"ಸಾಕವ್ವಾ, ನಾಳೆ ಬರತೈತಿ."

ಮರುದಿನ ಬಂತು. ಅದರ ಮರುದಿನ ದ್ಯಾಮವ್ವ ಮತ್ತೆ ಬಂದರು.

"ಸರ, ಆ ಬಂಧು-ಬಳಗದವ್ರ ಅಡ್ರೆಸ್ ಕೊಡ್ರಿ."

"ಯಾವ ಬಂಧು-ಬಳಗ?"

"ನೀವ ಬರದೀರಲ್ರಿ, ಫಕೀರಪ್ಪನವ್ರಿಗೆ ಭಾಳ ಮಂದಿ ಅದಾರಂತ. ನನಗ ಓದಾಕ ಬರೂದಿಲ್ಲ, ಓಣ್ಯಾಗಿನ ಮಾಸ್ತರು ಓದಿ ಹೇಳಿದ್ರು. ಮೂವತ್ತು ವರ್ಷದಾಗ ಅವರ ಮನಿಗೆ ಒಬ್ರೂ ಬಂದದ್ದು ನಾ ಕಂಡಿಲ್ಲ. ಆದ್ರ ಪೇಪರಿನವ್ರಿಗೆ ಗೊತ್ತಿರತೈತಿ ಅನಕೊಂಡೆ..."

ಗುರುಪಾದಪ್ಪ ಕೀಬೋರ್ಡಿನಿಂದ ಕೈ ತೆಗೆದರು.

"ನಿನ್ನಿ ಹನ್ನೊಂದಕ್ಕ ಮಣ್ಣು ಇತ್ತು. ನಾನ ತಡದ್ನಿರಿ. ಅವರ ಮಂದಿ ಬರಲಿ, ಕಡೀಗೊಮ್ಮೆ ಮುಖಾ ನೋಡಲಿ ಅಂದೆ. ಸಂಜೀ ಐದರ ತನಕ ಬಾಗಲ್ದಾಗ ಕುಂತಿದ್ದೆ... ಯಾರೂ ಬರಲಿಲ್ಲ. ಪಾಪ, ದೂರದವ್ರು ಇರಬೇಕು."

ದ್ಯಾಮವ್ವ ಸೆರಗಿನ ಗಂಟು ಬಿಚ್ಚಿದರು. ಒಳಗೆ ಫಕೀರಪ್ಪನವರ ಹಳೆಯ ವಾಚ್ ಇತ್ತು.

"ಇದನ್ನ ಅವ್ರಿಗೆ ಮುಟ್ಟಸಬೇಕ್ರಿ. ಮತ್ತ ಒಂದ ಮಾತು ಹೇಳಬೇಕು... ಏನೂ ತ್ರಾಸ ಆಗಲಿಲ್ಲ, ನಿದ್ದ್ಯಾಗ ಹೋದ್ರು ಅಂತ. ಮನಿಯವ್ರಿಗೆ ಅಷ್ಟಾದ್ರೂ ಸಮಾಧಾನ ಬೇಕಲ್ರಿ?"

ಏನಾದರೊಂದು ಸುಳ್ಳು ಹೇಳಿ ಕಳಿಸಬಹುದಿತ್ತು. ಆದರೆ ಆ ಮುಖ ನೋಡಿ ಗುರುಪಾದಪ್ಪನವರಿಗೆ ಆಗಲಿಲ್ಲ.

"ಅವ್ವಾ... ಆ ಸಾಲು ನಾ ಎಲ್ಲಾರಿಗೂ ಬರೀತೀನಿ. ಅವರ ಬಗ್ಗೆ ನನಗ ಏನೂ ಗೊತ್ತಿಲ್ಲ."

ದ್ಯಾಮವ್ವ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು...

"ಕೇಳಿದ್ರ ನಾ ಹೇಳತಿದ್ದೆ ನೋಡ್ರಿ," ಎಂದರು ಅಷ್ಟೇ.

ಗುರುಪಾದಪ್ಪ ಎದ್ದು ಆಕೆಗೊಂದು ಕುರ್ಚಿ ಹಾಕಿದರು. "ಈಗ ಕೇಳತೀನಿ. ಹೇಳವ್ವಾ."

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವರು ನಾಲ್ಕು ಸಾಲು ದಾಟಿ ಬರೆದರು. ಮರುದಿನ ಸಂಜೆ ಪೇಪರ್ ಹಿಡಿದುಕೊಂಡು ತಾವೇ ದ್ಯಾಮವ್ವನ ಮನೆಗೆ ಹೋಗಿ ಓದಿ ಹೇಳಿದರು.

"ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಮೈಕಿನಲ್ಲಿ ಊರುಗಳ ಹೆಸರು ಹೇಳಿದ ಫಕೀರಪ್ಪ ಹೊಂಬಳ ಇನ್ನಿಲ್ಲ. ಎರಡು ಸಲ ಹೇಳಿದರೆ ಸಾಕಿತ್ತು. ಅವರು ಮೂರನೇ ಸಲವೂ ಹೇಳುತ್ತಿದ್ದರು, ನಿಧಾನವಾಗಿ, ಹಾದಿಯ ಒಂದೊಂದೇ ಹಳ್ಳಿಯ ಹೆಸರು ಹಿಡಿದು. ಬೋರ್ಡ್ ಓದಲು ಬಾರದವರು ಇನ್ನೊಬ್ಬರನ್ನು ಕೇಳಲು ನಾಚುತ್ತಾರೆಂದು ಅವರಿಗೆ ಗೊತ್ತಿತ್ತು. ಬಿಸಿ ರೊಟ್ಟಿಗಿಂತ ಒಣಗಿದ ಕಟಕ ರೊಟ್ಟಿ ಅವರಿಗೆ ಪ್ರೀತಿ. ಅವರಿಗೆ ಬಂಧುಗಳಿರಲಿಲ್ಲ. ಪಕ್ಕದ ಮನೆಯ ದ್ಯಾಮವ್ವ ಸಂಜೆ ಐದರವರೆಗೆ ಅವರಿಗಾಗಿ ಬಾಗಿಲಲ್ಲಿ ಕೂತಿದ್ದರು."

"ಮುಳಗುಂದದಿಂದ ಒಬ್ಬಾಕಿ ಫೋನ್ ಮಾಡಿದ್ಲವ್ವಾ," ಎಂದರು ಗುರುಪಾದಪ್ಪ. "ಇಷ್ಟು ವರ್ಷ ಬರೇ ದನಿ ಕೇಳೀನಿ, ಅವರ ಮುಖಾ ಹೆಂಗಿತ್ರಿ ಅಂತ ಕೇಳಿದ್ಲು."

ದ್ಯಾಮವ್ವ ಕಣ್ಣೊರೆಸಿಕೊಂಡು ತಟ್ಟೆಗೆ ರೊಟ್ಟಿ, ಪಲ್ಯ ಹಾಕಿ ಮುಂದಿಟ್ಟರು.

"ನಿಮಗ ಯಾರದಾರ್ರಿ ಸರ?"

"ಯಾರೂ ಇಲ್ಲವ್ವಾ."

"ಹಂಗಾರ ನಿಮ್ಮದೂ ಹೇಳ್ರಿ. ನನಗ ಬರಿಯಾಕ ಬರೂದಿಲ್ಲ... ನೆನಪ ಇಟ್ಕೊತೀನಿ."

ಊರಿಗೆಲ್ಲ ನಿಧನ ವಾರ್ತೆ ಬರೆದ ಮನುಷ್ಯನಿಗೆ ತನ್ನ ಬಗ್ಗೆ ಒಂದು ಮಾತೂ ಹೊಳೆಯಲಿಲ್ಲ. ಮುರಿದ ರೊಟ್ಟಿಯನ್ನು ಗುರುಪಾದಪ್ಪ ತಟ್ಟೆಗೆ ಇಟ್ಟರು.

"ನಂದಿರಲಿ... ನನ್ನ ಹೆಂಡತಿದು ಹೇಳಲೇನವ್ವಾ?"

ಹನ್ನೊಂದು ವರ್ಷದ ಹಿಂದೆ ಆಕೆ ತೀರಿಕೊಂಡಾಗ ವಾರ್ತೆ ಬರೆದದ್ದೂ ಅವರೇ. ಹೆಸರು, ವಯಸ್ಸು, ಮಣ್ಣಿನ ಸಮಯ... ಮತ್ತೆ ಅದೇ ಸಾಲು.

ದ್ಯಾಮವ್ವ ಒಲೆ ಸಣ್ಣ ಮಾಡಿ ಎದುರಿಗೆ ಬಂದು ಕೂತರು. "ಹೇಳ್ರಿ."

"ಕಸ್ತೂರಿ ಅಂತ ಆಕಿ ಹೆಸರು. ನಗು ಬಂತಂದ್ರ ತಡಕೊಳ್ಳಾಕ ಆಗತಿದ್ದಿಲ್ಲ ಆಕಿಗೆ. ಒಮ್ಮೆ ಸತ್ತವ್ರ ಮನಿಗೆ ಮಾತಾಡ್ಸಾಕ ಹೋಗಿ, ಅಲ್ಲೇ..."

ಹೇಳುತ್ತ ಹೇಳುತ್ತ ಅವರಿಗೇ ನಗು ಬಂತು. ನಗುತ್ತಲೇ ಎಡಗೈಯಿಂದ ಮುಖ ಮುಚ್ಚಿಕೊಂಡು, ಸಣ್ಣ ಮಗುವಿನ ಹಾಗೆ ಅತ್ತುಬಿಟ್ಟರು.

ಹನ್ನೊಂದು ವರ್ಷದಲ್ಲಿ ಆ ಹೆಸರನ್ನು ಅವರು ಇನ್ನೊಬ್ಬರ ಎದುರು ಹೇಳಿದ್ದು ಅದೇ ಮೊದಲು.

*

ಸತ್ತ ಮೇಲೆ ನಾಲ್ಕು ಸಾಲು ಬರೆಯುವ ಮೊದಲು, ಬದುಕಿರುವಾಗ ಎದುರಿಗೆ ಕೂತು ನಾಲ್ಕು ಮಾತು ಕೇಳೋಣ.

ನಿಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇರುವವರಿಗೆ ಯಾವ ಊಟ ಇಷ್ಟ... ನಿಮಗೆ ಗೊತ್ತಾ?