ಕರಿಮಣ್ಣಿನ ಗೋಡೆ

ಹುಬ್ಬಳ್ಳಿಗೆ ಕರೆಂಟು ಬರುವುದು ನಿಂತ ಮೇಲೆ ಜನ ಮನೆಮನೆಯಲ್ಲೂ ಪರಮಾಣು ಸಮ್ಮಿಳನದಿಂದ ಕರೆಂಟು ಹುಟ್ಟಿಸುವ ಒಲೆಗಳನ್ನು ತಾವೇ ಕಟ್ಟಿಕೊಂಡಿದ್ದರು. ಕಸ್ತೂರಿ ಕಟ್ಟಿದ ಒಲೆಯಿಂದಲೇ ಮಗಳು ಅಂಬಿಕಾಳ ಉಸಿರಾಟದ ಯಂತ್ರ ನಡೆಯುತ್ತಿತ್ತು. ಒಲೆಯಿಂದ ಹೊಮ್ಮುವ, ಮೈಗೆ ಕೇಡು ಮಾಡುವ ನ್ಯೂಟ್ರಾನುಗಳನ್ನು ತಡೆಯಲು ಮಣ್ಣಿನ ಗೋಡೆ ಎಷ್ಟು ದಪ್ಪವಿರಬೇಕೆಂದು ಕೇಳಲು ಕಸ್ತೂರಿ ಗ್ರಂಥಾಲಯಕ್ಕೆ ಹೋದಳು.

ಗ್ರಂಥಪಾಲಕ ಜಾಲಿಹಾಳರು ಪರಮಾಣು ಕೋಷ್ಟಕಗಳನ್ನೆಲ್ಲ ತಿರುವಿ ಹಾಕಿದರು. "ಸಿಮೆಂಟಿನ ಲೆಕ್ಕ ಐತಿ, ನೀರಿಂದೂ ಐತಿ. ನಮ್ಮ ಕರಿಮಣ್ಣಿಂದು ಯಾರೂ ಅಳದಿಲ್ರೀ ಅಕ್ಕಾರ."

"ಅಂದಾಜರೆ ಹೇಳ್ರಿ ಸರ್. ಗ್ವಾಡಿ ಆಚೀಕ ಒಲಿ, ಈಚೀಕ ನನ್ನ ಮಗಳು ಮಲಗತಾಳ."

"ನಮ್ಮನ್ಯಾಗೂ ಮಣ್ಣಿನ ಗ್ವಾಡೀನ ಐತ್ರಿ," ಎಂದು ಅವರು ತಲೆ ತಗ್ಗಿಸಿದರು.

ಮನೆಗೆ ಬಂದ ಕಸ್ತೂರಿ ಮಗಳ ಮಂಚವನ್ನು ದೂರದ ಮೂಲೆಗೆ ಎಳೆದಳು. ಯಂತ್ರದ ವೈರು ಅಲ್ಲಿಗೆ ನಿಲುಕಲಿಲ್ಲ. ಮಂಚವನ್ನು ಮತ್ತೆ ಗೋಡೆಗೇ ತಳ್ಳಿ, ಗೋಡೆಗೂ ಮಗಳಿಗೂ ನಡುವೆ ತಾನು ಮಲಗಿದಳು.

"ಯವ್ವಾ, ಇಕ್ಕಟ್ಟಾಗತೈತಿ, ಆಚೀಕ ಸರಿ," ಎಂದಳು ಅಂಬಿಕಾ.

ಕಸ್ತೂರಿ ಸರಿಯಲಿಲ್ಲ.